ಹನ್ನೆರಡನೆಯ ಬಾಟಲಿ

ಅವರ ಬಲಗೈ ಹೆಬ್ಬೆರಳಿನ ಒಳಮೈಯಲ್ಲಿ ಸಣ್ಣ ಸಣ್ಣ ಗೀರುಗಳ ಒಂದು ಸಾಲಿತ್ತು. ಪ್ಲಾಸ್ಟಿಕ್ ಬಾಟಲಿಯ ತಿರುಪು ಮುಚ್ಚಳದ ಅಂಚು ಹಲ್ಲುಹಲ್ಲಾಗಿರುತ್ತದಲ್ಲ, ಅದರ ಅಚ್ಚು. ಇಪ್ಪತ್ತು ವರ್ಷ ಮುಚ್ಚಳ ಬಿಗಿದು ಬಿಗಿದು ಚರ್ಮ ಹಾಗೇ ದಡ್ಡುಗಟ್ಟಿತ್ತು. ಹೀಗೆ ಬರೆದ ಮೇಲೆ ನನಗೇ ಅನುಮಾನವಾಗುತ್ತದೆ. ಅಂಥ ಗುರುತು ಬೆರಳ ಮೇಲೆ ವರ್ಷಗಟ್ಟಲೆ ನಿಲ್ಲುತ್ತದೆಯೇ? ಬಹುಶಃ ನಾನು ಅದನ್ನು ಒಂದೇ ಒಂದು ಸಲ, ಅವರು ಆಗಷ್ಟೇ ಮುಚ್ಚಳ ಬಿಗಿದು ಕೈ ತೆಗೆದಾಗ ನೋಡಿರಬೇಕು. ಮಿಕ್ಕ ದಿನಗಳಿಗೆಲ್ಲ ಅದನ್ನು ಹಚ್ಚಿದ್ದು ನನ್ನ ನೆನಪು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆ ಅಪನಂಬಿಕೆಯಿಂದ ನನಗೆ ಲಾಭವಾಗಿದೆ, ಅವರಿಗೆ ನಷ್ಟವಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಉಳಿದವರಿಗೆಲ್ಲ ಅವರು ಬಾಟ್ಲಿವಾಲಾ. ನವಿ ಮುಂಬಯಿಯ ಆ ಪ್ರಯೋಗಾಲಯದಲ್ಲಿ ನೆಲದಡಿಯ ನೀರು ಎಲ್ಲಿಂದ ಬಂತು ಎಂಬುದನ್ನು ಐಸೋಟೋಪುಗಳಿಂದ ಪತ್ತೆ ಮಾಡುತ್ತಿದ್ದೆವು. ಯಂತ್ರದ ಮುಂದೆ ಕೂರುವವರು ವಿಜ್ಞಾನಿಗಳು. ಊರೂರು ಅಲೆದು ಬೋರ್‌ವೆಲ್ಲಿನಿಂದ ನೀರು ಹಿಡಿದು ತರುವವರು ಅಣ್ಣ. ಉಡುಪಿ ಕಡೆಯವರು. ಚಿಕ್ಕ ವಯಸ್ಸಿಗೇ ಬಂದು, ಹೋಟೆಲಿನಲ್ಲಿ ದುಡಿಯುತ್ತ ಕನ್ನಡದ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರು. ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಜಾಗದಲ್ಲಿ ಹೆಂಡತಿ ಮತ್ತು ಮಗನ ಜೊತೆ ಇದ್ದರು. ನಾನು ಮೈಸೂರಿನಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮಾಡಿ, ಪಿಎಚ್.ಡಿ.ಗೆಂದು ಅಲ್ಲಿಗೆ ಹೋದೆ. ಎರಡು ಸಾವಿರದ ಐದರ ಆಸುಪಾಸು.

ಮೊದಲ ದಿನ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ಮೈಸೂರಾ? ಹಾಗಾದ್ರೆ ನಿಮಗೆ ಉಪ್ಪುನೀರು ಗೊತ್ತಿಲ್ಲ."

"ಸಮುದ್ರ ನೋಡಿದೀನಿ ಸಾರ್, ಎರಡು ಸಲ."

"ಸಾರ್ ಹೇಳ್ಬೇಡಿ ಮಾರಾಯ್ರೆ. ನನ್ನನ್ನು ಸಾರ್ ಅಂತ ಕರೆದದ್ದು ಆಫೀಸಿಗೆ ಗೊತ್ತಾದ್ರೆ ಸಾರ್ ಸಂಬಳ ಕೊಡ್ಬೇಕಾಗ್ತದೆ ಅವರು."

ಆ ಮಾತಿನ ಹಿಂದೆ ಏನಿತ್ತು ಎಂಬುದು ಬೇಗ ತಿಳಿಯಿತು. ಅಣ್ಣ ಇಪ್ಪತ್ತು ವರ್ಷದಿಂದ ಹಂಗಾಮಿ ನೌಕರರು. ಪ್ರತಿ ವರ್ಷ ಮಾರ್ಚಿನಲ್ಲಿ ಅವರಿಗೆ ಒಂದು ಕಾಗದ ಬರುತ್ತಿತ್ತು, ಇನ್ನೊಂದು ವರ್ಷ ಇರಬಹುದು ಎಂದು. ಹಂಗಾಮಿಗಳಲ್ಲಿ ಹಳಬರನ್ನು ಕಾಯಂ ಮಾಡುವ ಪಟ್ಟಿ ತಯಾರಾಗುತ್ತಿದೆ, ಅದರಲ್ಲಿ ಅವರ ಹೆಸರು ಎರಡನೆಯದು ಎಂದು ಆ ವರ್ಷ ಎಲ್ಲರೂ ಹೇಳುತ್ತಿದ್ದರು. ಊಟದ ಡಬ್ಬಿ ಬಿಚ್ಚಿದಾಗಲೆಲ್ಲ ಆ ವಿಷಯ ಬರುತ್ತಿತ್ತು. "ಪರ್ಮನೆಂಟ್ ಆದ ದಿನ ನಿಮಗೆಲ್ಲ ಬಂಗುಡೆ ಊಟ. ಮೈಸೂರಿನವರಿಗೆ ಬರೀ ಸಾರು," ಎನ್ನುತ್ತಿದ್ದರು. ಬೇರೆ ಆಸೆಯನ್ನು ಅವರು ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ.

ನೀರು ಹಿಡಿಯುವುದನ್ನು ನನಗೆ ಕಲಿಸಿದವರು ಅವರು. ಪುಸ್ತಕದಲ್ಲಿ ಅದು ಒಂದು ಪ್ಯಾರಾ. ಅವರ ಕೈಯಲ್ಲಿ ಅದು ಅರ್ಧ ದಿನದ ಕೆಲಸ. ಕೊಳವೆಯಲ್ಲಿ ನಿಂತ ನೀರೆಲ್ಲ ಹೋಗಿ ನೆಲದಾಳದ ನೀರು ಬರುವ ತನಕ ಪಂಪ್ ಓಡಿಸಬೇಕು. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಬಕೆಟ್ಟಿನಲ್ಲಿ ಮುಳುಗಿಸಿಯೇ ತುಂಬಬೇಕು, ಬದಿಗೆ ಬೆರಳಿನಿಂದ ತಟ್ಟಿ ಗುಳ್ಳೆಗಳನ್ನು ಎಬ್ಬಿಸಬೇಕು. ನೀರಿನೊಳಗೇ ಬಾಯಿಗೆ ಬಿಳಿಯ ಸಣ್ಣ ಬೂಚು ಒತ್ತಬೇಕು. ಅದರ ಮೇಲೆ ತಿರುಪು ಮುಚ್ಚಳ, ಅದರ ಸುತ್ತ ಟೇಪು. ಟೇಪು ಸುತ್ತುವ ಮೊದಲು ಬಾಟಲಿಯನ್ನು ತಲೆಕೆಳಗಾಗಿ ಹಿಡಿದು ಬೆಳಕಿಗೆ ನೋಡಬೇಕು. ಸಾಸಿವೆಯಷ್ಟು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ಮೊದಲಿನಿಂದ.

"ಇಷ್ಟು ಸಣ್ಣ ಗುಳ್ಳೆ, ಏನಾಗುತ್ತೆ ಅಣ್ಣ?" ಎಂದು ಒಂದು ಸಲ ಕೇಳಿದ್ದೆ. ಬಿಸಿಲಿನಲ್ಲಿ ನಾಲ್ಕನೇ ಸಲ ಚೆಲ್ಲಿಸಿದ್ದರು.

"ನೀರಿಗೆ ಉಸಿರಾಡ್ಲಿಕ್ಕೆ ಬಿಡ್ಬಾರ್ದು. ಒಮ್ಮೆ ಉಸಿರಾಡಿತು ಅಂದ್ರೆ ಅದು ಬೇರೆ ನೀರು. ಆಮೇಲೆ ನಿಮ್ಮ ಯಂತ್ರ ಎಷ್ಟು ಕೋಟಿಯದ್ದಾದ್ರೂ ಅದು ಸುಳ್ಳನ್ನೇ ಹೇಳುವುದು."

ವಿಜ್ಞಾನ ಅವರಿಗೆ ಕೇಳಿ ಕೇಳಿ ಗೊತ್ತಿತ್ತು. ನೀರಿನ ಕಣಗಳಲ್ಲಿ ಹಗುರವಾದವು, ಭಾರವಾದವು ಇರುತ್ತವೆ. ಬಿಸಿಲಿಗೆ ಹಗುರವಾದವು ಮೊದಲು ಆವಿಯಾಗುತ್ತವೆ. ಮಳೆಯ ನೀರು ಅದಕ್ಕೇ ಹಗುರ, ಸಮುದ್ರದ್ದು ಭಾರ. ಇದನ್ನು ಅವರು ಹಳ್ಳಿಯವರಿಗೆ ಮರಾಠಿಯಲ್ಲಿ, ನನಗೆ ಕನ್ನಡದಲ್ಲಿ ಹೇಳುತ್ತಿದ್ದ ರೀತಿಯೇ ಬೇರೆ. "ಡೊಂಬಿವಲಿಯಲ್ಲಿ ಎಂಟೂ ಇಪ್ಪತ್ತರ ಫಾಸ್ಟ್ ಗಾಡಿ ಬರುವಾಗ ನೋಡಿದ್ದೀರಲ್ಲ? ತೆಳ್ಳಗಿನವರು ಹಾರಿ ಹತ್ತಿಯಾಯ್ತು. ನಮ್ಮ ಹೊಟ್ಟೆಯವರು ಪ್ಲಾಟ್‌ಫಾರ್ಮಲ್ಲೇ. ಗಾಡಿಯಲ್ಲಿ ಯಾರಿದ್ದಾರೆ, ಪ್ಲಾಟ್‌ಫಾರ್ಮಲ್ಲಿ ಯಾರು ಉಳಿದಿದ್ದಾರೆ ಅಂತ ನೋಡಿದ್ರೆ ಏನು ನಡೆದದ್ದು ಅಂತ ಗೊತ್ತಾಗ್ತದೆ. ನೀರೂ ಅಷ್ಟೇ." ನನ್ನ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಹೇಳಿಕೊಟ್ಟದ್ದಕ್ಕಿಂತ ಇದು ಸರಿಯಾಗಿತ್ತು. ಮುಂದೆ ನಾನು ಪಾಠ ಮಾಡಿದ ಕಡೆಗಳಲ್ಲೆಲ್ಲ ಈ ಉದಾಹರಣೆಯನ್ನು ನನ್ನದೆಂಬಂತೆ ಹೇಳಿದ್ದೇನೆ.

ಇಲಾಖೆಯ ಜೀಪು ಸಿಗದ ದಿನ ಬಾಟಲಿಗಳನ್ನು ಲೋಕಲ್ ಗಾಡಿಯಲ್ಲೇ ತರುತ್ತಿದ್ದೆವು, ಸಾಮಾನಿನ ಬೋಗಿಯಲ್ಲಿ, ಮೀನಿನ ಬುಟ್ಟಿ, ಹಾಲಿನ ಕ್ಯಾನುಗಳ ನಡುವೆ. ಸ್ಟೇಷನ್ನುಗಳಲ್ಲಿ ಪೊಲೀಸರು ಚೀಲಗಳನ್ನು ತಪಾಸಣೆ ಮಾಡುತ್ತಿದ್ದ ಕಾಲ. ಥಾಣೆಯಲ್ಲಿ ಒಬ್ಬ ಹವಾಲ್ದಾರ ನಮ್ಮನ್ನು ತಡೆದ. ಟೇಪು ಸುತ್ತಿದ ಬಾಟಲಿಗಳನ್ನು ಕಂಡು ಅವನ ಮುಖ ಬಿಗಿಯಿತು.

"ಕ್ಯಾ ಹೈ ಯೇ? ಖೋಲೋ."

"ಸಾಬ್, ಖೋಲೇಗಾ ತೋ ಮರ್ ಜಾಯೇಗಾ," ಎಂದರು ಅಣ್ಣ. ತೆರೆದರೆ ಸಾಯುತ್ತದೆ.

ಹವಾಲ್ದಾರ ಎರಡು ಹೆಜ್ಜೆ ಹಿಂದೆ ಹಾರಿದ. ಸೀಟಿ ಬಾಯಿಗೆ ಹೋಯಿತು. "ಕೌನ್ ಮರೇಗಾ?"

"ಪಾನಿ, ಸಾಬ್."

ಅವನು ಒಂದು ಗಳಿಗೆ ಅಣ್ಣನ ಮುಖ ನೋಡಿದ. ನೀರೇ ಆದರೆ ಕುಡಿದು ತೋರಿಸು ಎಂದ. ಅಣ್ಣನ ಚೀಲದಲ್ಲಿ ಯಾವಾಗಲೂ ಒಂದು ಹೆಚ್ಚಿನ ಬಾಟಲಿ ಇರುತ್ತಿತ್ತು, ಲೆಕ್ಕಕ್ಕಿಲ್ಲದ್ದು. ಅದನ್ನು ತೆಗೆದು, ಬಾಯಿಗಿಟ್ಟು, ಆ ಉಪ್ಪುನೀರನ್ನು ಗಟಗಟನೆ ಅರ್ಧ ಕುಡಿದು, ಬಾಯಿ ಒರೆಸಿಕೊಂಡು ನಿಂತರು. ಗಾಡಿ ಹತ್ತಿದ ಮೇಲೆ ಬಾಗಿಲಿನಲ್ಲಿ ತಲೆ ಹೊರಗೆ ಹಾಕಿ ವಾಂತಿ ಮಾಡಿಕೊಂಡರು. ಡೊಂಬಿವಲಿ ಬರುವ ತನಕ ನಗುತ್ತಿದ್ದರು. "ಒಂದು ಬಾಟ್ಲಿ ಹೋಯ್ತು, ಹನ್ನೊಂದು ಉಳೀತು ಮಾರಾಯ್ರೆ." ಬಾಟಲಿಗಳು ಅಂದು ಹನ್ನೊಂದೇ ಇದ್ದವೇ? ಹನ್ನೊಂದು ಎಂಬ ಸಂಖ್ಯೆ ಮುಂದಿನ ಘಟನೆಯಿಂದ ಬಂದು ಇಲ್ಲಿ ಸೇರಿಕೊಂಡಿರಲೂಬಹುದು.

ಇನ್ನು ಆ ಹಳ್ಳಿಯ ವಿಷಯ.

ಕಾಮೋಠೆಯ ಆಚೆ, ಪನವೇಲಿನ ಕಡೆಗೆ, ಖಾಡಿಯ ಅಂಚಿಗೆ ಹೊಂದಿಕೊಂಡಂತೆ ಒಂದು ಹಳೆಯ ಊರು. ಸಮುದ್ರದ ನೀರು ನೆಲದೊಳಕ್ಕೆ ನಾಲಗೆ ಚಾಚುವ ಜಾಗಕ್ಕೆ ಅಲ್ಲಿಯವರು ಖಾಡಿ ಎನ್ನುತ್ತಾರೆ. ಊರಿನ ಪಕ್ಕದಲ್ಲೇ ದೊಡ್ಡ ವಸತಿ ಸಂಕೀರ್ಣವೊಂದು ಎದ್ದಿತು. ಕಟ್ಟುವ ಕೆಲಸಕ್ಕೆಂದು ಅವರು ಆಳದ ಬೋರ್‌ವೆಲ್ಲುಗಳನ್ನು ಕೊರೆಸಿ ಹಗಲೂ ರಾತ್ರಿ ನೀರೆತ್ತಿದರು. ಎರಡನೆಯ ಬೇಸಿಗೆಗೆ ಊರಿನ ಬೋರ್‌ವೆಲ್ಲುಗಳಲ್ಲಿ ಉಪ್ಪುನೀರು ಬಂತು. ಊರವರು ಜಿಲ್ಲಾಧಿಕಾರಿಗೆ ದೂರು ಕೊಟ್ಟರು: ಇವರು ಸಿಹಿನೀರನ್ನೆಲ್ಲ ಎಳೆದುಕೊಂಡರು, ಖಾಲಿಯಾದ ಜಾಗಕ್ಕೆ ಖಾಡಿ ನುಗ್ಗಿತು, ನಮಗೆ ನಳದ ನೀರು ಕೊಡಿಸಿ. ಕಟ್ಟಡದವರ ಪರ ತಜ್ಞರು ಹೇಳಿದ್ದು ಬೇರೆ: ಈ ಉಪ್ಪು ಕಲ್ಲಿನ ಸಂದಿಯಲ್ಲಿ ಸಾವಿರಾರು ವರ್ಷದಿಂದ ಕೂತ ಹಳೆಯ ನೀರಿನದು, ಇದರಲ್ಲಿ ಯಾರ ತಪ್ಪೂ ಇಲ್ಲ. ಯಾವುದು ನಿಜ ಎಂಬುದನ್ನು ಐಸೋಟೋಪುಗಳೇ ಹೇಳಬೇಕಿತ್ತು. ಆ ಕೆಲಸ ನಮ್ಮ ಪ್ರಯೋಗಾಲಯಕ್ಕೆ ಬಂತು, ನನ್ನ ಗೈಡ್ ಅದನ್ನು ಒಪ್ಪಿಕೊಂಡರು, ಅದೇ ನನ್ನ ಥೀಸಿಸ್ಸೂ ಆಯಿತು. ಅಣ್ಣನಿಗೂ ಅದು ಮುಖ್ಯವಾಗಿತ್ತು. ಕಾಯಂ ಪಟ್ಟಿ ಮೇಲಿನವರ ಮೇಜಿಗೆ ಹೋಗುವ ಮೊದಲು ಬರುವ ಕೊನೆಯ ದೊಡ್ಡ ವರದಿ ಅದು.

ಹನ್ನೆರಡು ಬೋರ್‌ವೆಲ್ಲು, ಹನ್ನೆರಡು ಬಾಟಲಿ. ಮೇ ತಿಂಗಳು.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ನೀರನ್ನು ಯಾರೇ ತುಂಬಲಿ, ಬಾಟಲಿಯ ಮೇಲಿನ ಚೀಟಿಗೆ ಅಣ್ಣನ ಸಹಿಯೇ ಬೀಳಬೇಕು. ವಿದ್ಯಾರ್ಥಿಗಳು ಬರುತ್ತಾರೆ, ಹೋಗುತ್ತಾರೆ, ಮುಂದೆಂದಾದರೂ ಪ್ರಶ್ನೆ ಬಂದರೆ ಉತ್ತರಿಸಲು ಒಬ್ಬರು ಇಲ್ಲೇ ಇರಬೇಕಲ್ಲ ಎಂದು ಹಿಂದೆ ಯಾರೋ ಮಾಡಿದ ನಿಯಮ. ಇಲ್ಲೇ ಇರುವವರು ಎಂದು ಅವರು ಆರಿಸಿದ್ದು ಮಾರ್ಚಿನಿಂದ ಮಾರ್ಚಿಗೆ ಬದುಕುವ ಮನುಷ್ಯನನ್ನು. ಅಣ್ಣ ಬೆಳಿಗ್ಗೆ ಹೊರಡುವ ಮೊದಲೇ ಹನ್ನೆರಡು ಚೀಟಿಗಳಿಗೂ ಸಹಿ ಹಾಕಿ ಅಂಟಿಸಿಬಿಡುತ್ತಿದ್ದರು.

ಹನ್ನೆರಡನೆಯ ಬೋರ್‌ವೆಲ್ಲು ಊರಿನ ಕೊನೆಯ ಮನೆಯ ಹಿತ್ತಲಿನಲ್ಲಿತ್ತು. ಆ ಮನೆಯ ಅಜ್ಜಿ ಅಣ್ಣನನ್ನು ಬಿಡಲಿಲ್ಲ. ಈ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂದಳು, ಒಲೆಯ ಮೇಲಿದ್ದ ಪಾತ್ರೆಯನ್ನೇ ತಂದು ತೋರಿಸಿದಳು. "ಖಾರಟ ಪಾಣಿ, ಭಾವಾ, ಖಾರಟ," ಎಂದು ಸೆರಗಿನಿಂದ ಕಣ್ಣೊತ್ತಿಕೊಂಡಳು. ಉಪ್ಪು, ಬರೀ ಉಪ್ಪು.

ಇಲ್ಲಿಂದ ನನ್ನ ತಲೆಯಲ್ಲಿ ಎರಡು ಚಿತ್ರಗಳಿವೆ. ಒಂದರಲ್ಲಿ ಅಣ್ಣ ಅಜ್ಜಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಆ ಪಾತ್ರೆಯೊಳಗೆ ನೋಡುತ್ತಿದ್ದಾರೆ, ಬಕೆಟ್ಟಿನ ಹತ್ತಿರ ನಾನಿದ್ದೇನೆ, ನನ್ನ ಕೈಯಲ್ಲಿ ಬಾಟಲಿ. ಇನ್ನೊಂದರಲ್ಲಿ ನಾನು ನುಗ್ಗೆಮರದ ನೆರಳಿನಲ್ಲಿ ನೋಟ್‌ಬುಕ್ಕು ಹಿಡಿದು ನಿಂತಿದ್ದೇನೆ, ಬಕೆಟ್ಟಿನ ಹತ್ತಿರ ಅಣ್ಣ. ಎರಡರಲ್ಲೂ ಅದೇ ಕಂದು ನಾಯಿ ಚೆಲ್ಲಿದ ನೀರನ್ನು ನೆಕ್ಕಿ ತಲೆ ಕೊಡವುತ್ತದೆ. ಎರಡೂ ಒಂದೇ ಸಮ ಸ್ಪಷ್ಟ. ಆದರೆ ಎರಡನೆಯ ಚಿತ್ರ ಸ್ಪಷ್ಟವಾಗುತ್ತ ಹೋದದ್ದು ಮುಂದೆ ನಡೆದ ವಿಚಾರಣೆಯ ನಂತರ ಎಂಬುದನ್ನು ನಾನು ಗಮನಿಸಿದ್ದೇನೆ.

ಅಂದು ಸಂಜೆ, ಡೊಂಬಿವಲಿಯ ನನ್ನ ಬಾಡಿಗೆ ಕೋಣೆಯಲ್ಲಿ ಪ್ಯಾಂಟು ನೆನೆಹಾಕುವಾಗ ಜೇಬಿನಲ್ಲಿ ಒಂದು ಬಿಳಿಯ ಬೂಚು ಸಿಕ್ಕಿತು. ಸಿಕ್ಕಿತೇ? ಸಿಕ್ಕಿದ್ದರೆ ನಾನು ಅದನ್ನು ಯಾಕೆ ಅಣ್ಣನಿಗೆ ಹೇಳಲಿಲ್ಲ? ಅದು ಹೆಚ್ಚಿನದ್ದಿರಬೇಕು ಎಂದುಕೊಂಡೆನೇ?

ಯಂತ್ರ ಕೆಟ್ಟಿತ್ತು. ಬಿಡಿಭಾಗ ಹೊರದೇಶದಿಂದ ಬರಬೇಕಿತ್ತು. ಬಾಟಲಿಗಳು ಪಶ್ಚಿಮದ ಕಿಟಕಿಯ ಪಕ್ಕದ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತವು. ಕೊನೆಗೆ ಫಲಿತಾಂಶ ಬಂದಾಗ ನಾನು ಅದನ್ನು ಗ್ರಾಫಿನ ಮೇಲೆ ಹಾಕಿದೆ. ಹನ್ನೊಂದು ಚುಕ್ಕೆಗಳು ಮಳೆಯ ನೀರಿನಿಂದ ಖಾಡಿಯ ನೀರಿನ ಕಡೆಗೆ ಎಳೆದ ಒಂದು ಗೆರೆಯ ಮೇಲೆ ಸಾಲಾಗಿ ಕೂತವು. ಅಂದರೆ ಮಳೆಯ ನೀರಿಗೆ ಖಾಡಿಯ ನೀರು ಬೆರೆಯುತ್ತಿದೆ. ನೀರಿನ ವಯಸ್ಸು ಹೇಳುವ ಇನ್ನೊಂದು ಪರೀಕ್ಷೆಯೂ ಅದನ್ನೇ ಹೇಳಿತು. ಸಾವಿರಾರು ವರ್ಷದ ನೀರಲ್ಲ, ಇತ್ತೀಚಿನದು. ಊರವರು ಹೇಳಿದ್ದು ನಿಜ.

ಹನ್ನೆರಡನೆಯ ಚುಕ್ಕೆ ಗೆರೆಯನ್ನು ಬಿಟ್ಟು ದೂರ ಮೇಲೆ ನಿಂತಿತ್ತು. ಆ ನೀರು ಖಾಡಿಯ ನೀರಿಗಿಂತಲೂ ಭಾರ. ನೆಲದಡಿಯಲ್ಲಿ ಅಂಥ ನೀರಿಗೆ ದಾರಿಯೇ ಇಲ್ಲ. ಅದು ಬಾಟಲಿಯೊಳಗೇ ಆದದ್ದು. ಆ ಬಾಟಲಿ ಕಿಟಕಿಯ ಪಕ್ಕದಲ್ಲಿ ಕೂತು ತಿಂಗಳುಗಟ್ಟಲೆ ಉಸಿರಾಡಿತ್ತು.

ನಾನು ಅದನ್ನು ಬಿಟ್ಟು ಹನ್ನೊಂದನ್ನೇ ಕೊಡೋಣ ಎಂದೆ. ಗೈಡ್ ಒಪ್ಪಲಿಲ್ಲ, ಹನ್ನೆರಡು ತಂದಿದ್ದೇವೆಂದು ಈಗಾಗಲೇ ಬರೆದುಕೊಟ್ಟಾಗಿತ್ತು. ಕಟ್ಟಡದವರ ತಜ್ಞರು ಆ ಒಂದು ಚುಕ್ಕೆಯನ್ನು ಹಿಡಿದುಕೊಂಡರು. ಒಂದು ಬಾಟಲಿಯ ಮುಚ್ಚಳ ಸರಿಯಿಲ್ಲದಿದ್ದರೆ ಉಳಿದ ಹನ್ನೊಂದನ್ನು ನಂಬುವುದು ಹೇಗೆ? ಪ್ರಶ್ನೆ ತಪ್ಪಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಜಿಲ್ಲಾಧಿಕಾರಿಯ ಕಚೇರಿಯವರು ನಮ್ಮ ವರದಿಯನ್ನು ಪಕ್ಕಕ್ಕಿಟ್ಟರು. ಊರವರ ದೂರು ಬಿದ್ದುಹೋಯಿತು.

ಪ್ರಯೋಗಾಲಯದಲ್ಲಿ ವಿಚಾರಣೆ ನಡೆಯಿತು. ಹಿಂದಿನ ದಿನ ಗೈಡ್ ನನ್ನನ್ನು ಕರೆದರು. ಬೆಂಗಳೂರಿನವರು. ನನ್ನ ಜೊತೆ ಯಾವಾಗಲೂ ಕನ್ನಡ, ಅದೂ ಮನೆಯವರ ಹಾಗೆ.

"ನೋಡಪ್ಪಾ, ನಿನ್ನ ಥೀಸಿಸ್ ಪೂರ್ತಿ ಇದರ ಮೇಲೇ ನಿಂತಿದೆ. ನಿನ್ನ ಕೈಯಲ್ಲಿ ತಪ್ಪಾಗಿದೆ ಅಂದ್ರೆ ಉಳಿದ ಡಾಟಾನೂ ಹೋಯ್ತು. ಚೀಟಿ ಮೇಲೆ ಯಾರ ಸಹಿ ಇದೆ?"

"ಅಣ್ಣಂದು ಸಾರ್. ಆದರೆ ಅದು ಯಾವಾಗಲೂ..."

"ಯಾವಾಗಲೂ ಅನ್ನೋದೆಲ್ಲ ಯಾಕೆ? ನಿನಗೆ ಖಚಿತವಾಗಿ ನೆನಪಿದ್ಯಾ?"

"ಇಲ್ಲ ಸಾರ್."

"ಅಷ್ಟೇ. ನೆನಪಿಲ್ಲ ಅನ್ನು. ಸುಳ್ಳೇನಲ್ವಲ್ಲ."

ಸುಳ್ಳೇನಲ್ಲ. ಆ ವಾಕ್ಯದ ಮೇಲೆ ನಾನು ಅನೇಕ ವರ್ಷ ಬದುಕಿದೆ.

ಮಾರನೆಯ ದಿನ ಆಡಳಿತದ ಅಧಿಕಾರಿಯೊಬ್ಬರು ಮೇಜಿನ ಮೇಲೆ ಆ ಬಾಟಲಿಯನ್ನಿಟ್ಟು ಟೇಪು ಕತ್ತರಿಸಿ, ಮುಚ್ಚಳ ತಿರುಗಿಸಿ ತೆಗೆದರು. ಪರೀಕ್ಷೆಯ ನೀರನ್ನು ಬಾಟಲಿಯ ಬದಿಗೆ ಸೂಜಿ ಚುಚ್ಚಿ ಎಳೆದಿದ್ದರು, ಮುಚ್ಚಳವನ್ನು ಅದುವರೆಗೆ ಯಾರೂ ತೆರೆದಿರಲಿಲ್ಲ. ಒಳಗೆ ಬೂಚಿರಲಿಲ್ಲ. ಅವರು ಮೊದಲು ನನ್ನ ಕಡೆ ತಿರುಗಿದರು. "ಕಿಸ್ನೇ ಭರಾ ಯೇ?" ಇದನ್ನು ತುಂಬಿದ್ದು ಯಾರು?

"ನನಗೆ ನೆನಪಿಲ್ಲ," ಎಂದೆ. ಇಂಗ್ಲಿಷಿನಲ್ಲಿ ಹೇಳಿದೆ. ಬಾಗಿಲ ಹತ್ತಿರ ನಿಂತಿದ್ದ ಅಣ್ಣನಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತಿತ್ತು.

ಅವರು ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರು ಎಂದು ಹೇಳಲಾರೆ. ಒಂದು ನಿಮಿಷ ಎಂದು ನನ್ನ ನೆನಪು ಹೇಳುತ್ತದೆ, ಒಂದು ನಿಮಿಷ ಯಾರೂ ಹಾಗೆ ನೋಡುವುದಿಲ್ಲ. ಆಮೇಲೆ ಗೈಡ್ ಕಡೆಗೆ ತಿರುಗಿ ಕನ್ನಡದಲ್ಲೇ ಹೇಳಿದರು:

"ಚೀಟಿಯಲ್ಲಿ ನನ್ನದೇ ಸೈನ್ ಉಂಟಲ್ಲ ಸಾರ್. ಮತ್ತೆ ಅವರನ್ನು ಎಂತದ್ದು ಕೇಳುವುದು?"

ಆ ಮಾರ್ಚಿನಲ್ಲಿ ಅವರಿಗೆ ಕಾಗದ ಬರಲಿಲ್ಲ. ಕಾಯಂ ಪಟ್ಟಿಯಲ್ಲಿ ಎರಡನೆಯ ಹೆಸರು ಬೇರೆಯವರದಾಯಿತು. ಕಪಾಟಿನಿಂದ ತಮ್ಮ ತಟ್ಟೆ, ಲೋಟ, ಒಂದು ಜೊತೆ ರಬ್ಬರ್ ಚಪ್ಪಲಿ ತೆಗೆದುಕೊಂಡು ಹೊರಟರು. ನನಗೆ "ಬರ್ತೇನೆ, ಆಗುವ ಡಾಕ್ಟ್ರೇ" ಎಂದರು. ಅದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ, ಇಂದಿಗೂ ನಿರ್ಧರಿಸಲಾಗಿಲ್ಲ.

ಜಿಲ್ಲಾಧಿಕಾರಿಯ ಕಚೇರಿ ಬೇಡವೆಂದ ಆ ಹನ್ನೊಂದು ಬಾಟಲಿಗಳನ್ನು ವಿಶ್ವವಿದ್ಯಾಲಯ ಒಪ್ಪಿಕೊಂಡಿತು. ನನಗೆ ಪಿಎಚ್.ಡಿ. ಬಂತು. ಥೀಸಿಸ್ಸಿನ ಕೃತಜ್ಞತೆಯ ಪುಟದಲ್ಲಿ ಅವರ ಹೆಸರಿದೆ, ಜೀಪಿನ ಚಾಲಕನ ಹೆಸರಿನ ನಂತರ, "ಕ್ಷೇತ್ರಕಾರ್ಯದಲ್ಲಿ ನೆರವಾದವರು" ಎಂಬ ಸಾಲಿನಲ್ಲಿ. ಹಿಂದೆ ಮುಂದೆ ಯೋಚಿಸಿಯೇ ಹಾಗೆ ಇಟ್ಟಿದ್ದೆ. ಹೆಚ್ಚು ಎದ್ದು ಕಾಣಬಾರದು ಎಂದು.

ಆಮೇಲೆ ನಾನು ಒಂದು ಸಲಹಾ ಕಂಪನಿ ಸೇರಿ ಘೋಡಬಂದರ್ ರಸ್ತೆಯಲ್ಲಿ ಫ್ಲ್ಯಾಟು ಮಾಡಿಕೊಂಡೆ. ಬೋರ್‌ವೆಲ್ ಎಲ್ಲಿ ಕೊರೆಯಬೇಕೆಂದು ಕಟ್ಟಡದವರಿಗೆ ಹೇಳಿಕೊಡುವುದು ನನ್ನ ಕೆಲಸ. ಇದನ್ನು ಇನ್ನೂ ಬಿಡಿಸಿ ಬರೆಯಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಏಳೆಂಟು ವರ್ಷ ಅವರನ್ನು ನೋಡಲಿಲ್ಲ. ಅವರು ಉಲ್ಹಾಸನಗರದಲ್ಲಿ ಕುಡಿಯುವ ನೀರಿನ ಕ್ಯಾನು ತುಂಬಿಸುವ ಒಂದು ಘಟಕದಲ್ಲಿದ್ದಾರೆಂದು ಹಳೆಯ ಚಾಲಕನಿಂದ ತಿಳಿಯಿತು. ಒಂದು ಭಾನುವಾರ ಹೋದೆ. ಹೊಲಿಗೆ ಯಂತ್ರಗಳ ಸದ್ದಿನ ಗಲ್ಲಿ, ಅದರ ಕೊನೆಗೆ ತಗಡಿನ ಶೆಡ್ಡು, ಒದ್ದೆ ನೆಲ, ಸಾಲಾಗಿ ನೀಲಿ ಕ್ಯಾನುಗಳು. ಅಣ್ಣ ತಲೆಗೆ ಪ್ಲಾಸ್ಟಿಕ್ ಟೊಪ್ಪಿ ಹಾಕಿಕೊಂಡು ಕ್ಯಾನುಗಳಿಗೆ ಮುಚ್ಚಳ ಒತ್ತುತ್ತಿದ್ದರು. ಕೂದಲು ಬೆಳ್ಳಗಾಗಿತ್ತು.

"ಓ! ಆದ ಡಾಕ್ಟ್ರು!" ಎಂದರು. ಪಕ್ಕದವನಿಗೆ ಹಿಂದಿಯಲ್ಲಿ, ಇವರು ಪಾನಿ ಕಾ ಡಾಕ್ಟರ್ ಎಂದು ಪರಿಚಯಿಸಿದರು. "ಇಲ್ಲಿ ಕೆಲಸ ಸುಲಭ ಮಾರಾಯ್ರೆ. ಗುಳ್ಳೆ ಇದ್ರೂ ಯಾರೂ ಕೇಳುವುದಿಲ್ಲ. ಈ ನೀರು ಎಲ್ಲಿಂದ ಬಂದದ್ದು ಅಂತಲೂ ಯಾರೂ ಕೇಳುವುದಿಲ್ಲ. ಕೇಳಿದ್ರೆ ಕುಡೀಲಿಕ್ಕಿಲ್ಲ."

ಚಹಾ ತರಿಸಿದರು. ನಾನು ಲೋಟ ಹಿಡಿದುಕೊಂಡು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನು ಹೇಳಿದೆ.

"ಅಣ್ಣ, ಆ ಹನ್ನೆರಡನೇ ಬಾಟ್ಲಿ... ಅದನ್ನ ತುಂಬಿದ್ದು ನಾನೇ ಇರಬಹುದು ಅನ್ಸುತ್ತೆ."

ಅವರ ಕೈ ನಿಂತಿತು.

"ಇರಬಹುದಾ?"

"ಸರಿಯಾಗಿ ನೆನಪಿಲ್ಲ ಅಣ್ಣ. ಎರಡು ಥರಾನೂ ನೆನಪಾಗುತ್ತೆ. ನೆನಪು ಅನ್ನೋದು ಹಾಗೇನೇ, ಅದನ್ನ ಪುರಾವೆ ಅಂತ ತಗೊಳಕ್ಕಾಗಲ್ಲ. ಅದರ ಮೇಲೆ ಎಷ್ಟೋ ಕೆಲಸ ಆಗಿದೆ..."

ಅವರು ನಕ್ಕರು. ನಗು ಜೋರಾಗಿರಲಿಲ್ಲ.

"ನನ್ನನ್ನು ತೆಗೆಯುವಾಗ ಯಾರೂ ಇಷ್ಟು ಪುರಾವೆ ಕೇಳ್ಲಿಲ್ಲ ನೋಡಿ," ಎಂದರು. ಆಮೇಲೆ, "ಹೌದು ಅಂತಾದ್ರೆ ಹೌದು ಹೇಳಿ. ಅಲ್ಲ ಅಂತಾದ್ರೆ ಅಲ್ಲ ಹೇಳಿ. ಈ ಇರಬಹುದು ಉಂಟಲ್ಲ, ಅದನ್ನು ಮನೆಗೆ ತಗೊಂಡು ಹೋಗಿ ನಾನು ಎಂತ ಮಾಡ್ಲಿ?"

ನಾನು ಏನಾದರೂ ಹೇಳುತ್ತೇನೆಂದು ಕಾದರು. ನಾನು ಹೇಳಲಿಲ್ಲ. ಹೌದು ಎನ್ನಲು ನನ್ನಲ್ಲಿ ಸಾಕಷ್ಟು ಆಧಾರವಿಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ, ಅಥವಾ ಹಾಗೆ ನಂಬಿದ್ದೇನೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವರು ಎದ್ದು ಮುಂದಿನ ಕ್ಯಾನಿಗೆ ಕೈ ಹಾಕಿದರು. "ಚಾ ತಣಿಯಿತು, ಕುಡೀರಿ," ಎಂದರು. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು. ಇದರಲ್ಲಿ ನನಗೆ ಸಂಶಯವಿಲ್ಲ.

ಎರಡು ವರ್ಷದ ನಂತರ ಅವರ ಮಗನ ಸಂದೇಶ ಬಂತು, ಪಪ್ಪಾ ಹೋದರು ಎಂದು. ಕಲ್ಯಾಣದ ಆಸ್ಪತ್ರೆಯಲ್ಲಿ, ಹೃದಯಾಘಾತ. ಸಂದೇಶ ಬಂದಾಗಲೇ ಮೂರು ವಾರವಾಗಿತ್ತು. ಅವರ ಫೋನಿನಲ್ಲಿದ್ದ ಹೆಸರುಗಳಿಗೆಲ್ಲ ಒಟ್ಟಿಗೆ ಕಳಿಸಿದ್ದಂತೆ.

ಡೊಂಬಿವಲಿಯ ಆ ಮನೆಗೆ ಹೋದೆ. ಬಾಗಿಲು ತೆರೆದವನು ಮಗ. ಮರಾಠಿಯಲ್ಲಿ ಒಳಗೆ ಕರೆದು, ತಾಯಿಗೆ ನಾನು ಬಂದದ್ದನ್ನು ಹೇಳಿ ಕೆಲಸಕ್ಕೆ ಹೊರಟುಹೋದ. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಕುರ್ಚಿ ಎಳೆದು ಕೊಟ್ಟು, ತಾವು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತರು. ಏನಾಯಿತು, ಹೇಗಾಯಿತು ಎಂಬ ಮಾತುಗಳು ಮುಗಿದವು. ಆಮೇಲೆ ನಾನು ಹೇಳಿದೆ. ಯಾವ ಹೊಸ ಪುರಾವೆಯೂ ನನಗೆ ಸಿಕ್ಕಿರಲಿಲ್ಲ. ಆದರೂ ಹೇಳಿದೆ.

"ಅತ್ತಿಗೆ, ಆ ಬಾಟ್ಲಿ ತುಂಬಿದ್ದು ನಾನು. ಬೂಚು ಹಾಕ್ಲಿಲ್ಲ. ಅಣ್ಣಂದು ತಪ್ಪಿರಲಿಲ್ಲ."

ಅವರು ಆಶ್ಚರ್ಯಪಡಲಿಲ್ಲ.

"ಗೊತ್ತುಂಟು," ಎಂದರು. "ಆಫೀಸಿನಲ್ಲಿ ವಿಚಾರಣೆ ಆದ ದಿನ ಸಂಜೆ ಬಂದು ಚಪ್ಪಲಿ ಬಿಡುವಾಗ್ಲೇ ಹೇಳಿದ್ರು ನನ್ನಲ್ಲಿ. ಇವರು ಯಾವುದೋ ಅಜ್ಜಿಯ ಹತ್ತಿರ ಕೂತದ್ದಂತೆ, ನೀವು ತುಂಬಿದ್ದಂತೆ. ಬೂಚು ಹಾಕದ್ದು ಅವನು, ಮಗುಚಿ ನೋಡದೆ ಟೇಪು ಸುತ್ತಿದ್ದು ನಾನು, ಅರ್ಧ ನನ್ನದು, ಅರ್ಧ ಅವನದ್ದು, ಅಂತ ಹೇಳಿದ್ರು. ನನ್ನ ಅರ್ಧ ನಾನು ಹೇಳಿ ಬಂದೆ, ಅವನ ಅರ್ಧ ಅವನು ಹೇಳ್ತಾನೆ, ಓದಿದವನಲ್ವಾ, ಸ್ವಲ್ಪ ಟೈಮ್ ಬೇಕಾಗ್ತದೆ ಅಂತ."

ಅತ್ತಿಗೆ ಮುಂದುವರಿಸಿದರು.

"ಮೊದಮೊದಲು ಅಂಚೆಯವನು ಬಂದ್ರೆ ಎದ್ದು ಹೋಗಿ ನೋಡ್ತಿದ್ರು. ನೀವು ಆಫೀಸಿಗೆ ಬರೆದಿರ್ತೀರಿ, ಆಫೀಸಿನವರು ಇವರಿಗೆ ಬರೀತಾರೆ ಅಂತ. ಮತ್ತೆ ಉಲ್ಹಾಸನಗರಕ್ಕೆ ನೀವು ಬಂದ ದಿನ ಮನೆಗೆ ಬಂದು, ಅವನು ಇನ್ನು ಹೇಳುವುದಿಲ್ಲ ಅಂದ್ರು. ಆಮೇಲೆ ಆ ಸುದ್ದಿ ಎತ್ತಲಿಲ್ಲ."

ಆಮೇಲೆ ಕೇಳಿದರು. ಕೋಪದ ದನಿಯಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು.

"ಈಗ ನೀವು ಹೇಳಿದ್ದು ಯಾರಿಗೆ?"

ನಾನು ಎದ್ದು ಬಂದೆ. ಆ ವಾರವೇ ಪ್ರಯೋಗಾಲಯಕ್ಕೆ ಒಂದು ಪತ್ರ ಬರೆದೆ. ಉತ್ತರ ಬರಲಿಲ್ಲ. ಖುದ್ದು ಹೋಗಿ ಕೇಳಿದಾಗ, ಅಂಥ ಹಳೆಯ ಕಡತಗಳನ್ನೆಲ್ಲ ರದ್ದಿಗೆ ಹಾಕಿ ಬಹಳ ಕಾಲವಾಯಿತು, ಯಾವುದಕ್ಕೆ ಸೇರಿಸಬೇಕು ಇದನ್ನು ಎಂದು ಗುಮಾಸ್ತೆ ಪತ್ರವನ್ನು ನನಗೇ ಹಿಂತಿರುಗಿಸಿದರು. ಗೈಡ್ ನಿವೃತ್ತರಾಗಿ ಬೆಂಗಳೂರಿಗೆ ಹೋಗಿದ್ದರು. ಫೋನಿನಲ್ಲಿ "ಬಿಡಪ್ಪಾ, ಮುಗಿದ ಕಥೆ" ಎಂದರು. ಕಾಮೋಠೆಯ ಆಚೆಯ ಆ ಊರಿಗೂ ಹೋದೆ. ಅಜ್ಜಿಯ ಮನೆ ಇದ್ದ ಜಾಗದಲ್ಲಿ ಈಗ ವಾಹನ ನಿಲ್ಲಿಸುತ್ತಾರೆ. ಹೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಓದುವವರಿಗೆ ಅವರ ಹೆಸರು ಗೊತ್ತಿಲ್ಲ, ಆ ಬಾಟಲಿಯಿಂದ ಆಗಬೇಕಾದದ್ದೂ ಏನಿಲ್ಲ. ಆದರೂ ನನ್ನ ಅರ್ಧ ನನ್ನದೇ. ಹನ್ನೆರಡನೆಯ ಬಾಟಲಿಯನ್ನು ತುಂಬಿದವನು ನಾನು. ಬೂಚು ಹಾಕದವನು ನಾನು. ಕೇಳಿದಾಗ ನೆನಪಿಲ್ಲ ಎಂದವನು ನಾನು. ಇದರಲ್ಲಿ ಯಾವುದಕ್ಕೂ ನಾನು ಇರಬಹುದು ಎಂದು ಸೇರಿಸುತ್ತಿಲ್ಲ.